ಹೆಚ್ಚು ಹೆಸರಾಗದ ಸೋಲ್ ಗಾಯಕನನ್ನು ಅರಿಯುವ ಬಗೆ: ಜೇಮ್ಸ್ ಕಾರ್ ಅವರ ಧ್ವನಿಮುದ್ರಿಕೆಗಳನ್ನು ಮುಂದಿಟ್ಟುಕೊಂಡು

ಚರ್ಚಿನ ಭಕ್ತಿಗೀತೆ ಮತ್ತು ಬ್ಲೂಸ್‌ನಿಂದ ಬೆಳೆದ ಅಮೆರಿಕದ ಕರಿಯರ ಸೋಲ್ ಸಂಗೀತವನ್ನು ಕೇಳತೊಡಗಿದವರಿಗೆ ಓಟಿಸ್ ರೆಡ್ಡಿಂಗ್, ಅರೀಥಾ ಫ್ರಾಂಕ್ಲಿನ್ ಅವರ ಹೆಸರುಗಳು ತಾವಾಗಿಯೇ ಎದುರಾಗುತ್ತವೆ. ಅದೇ ಕಾಲದಲ್ಲಿ ಅವರಿಗೆ ಸಾಟಿಯಾಗಿ ಹಾಡಿಯೂ ಹಿಂದೆ ಉಳಿದವರನ್ನು ಮಾತ್ರ ಕೇಳುಗರೇ ಹುಡುಕಿಕೊಂಡು ಹೋಗಬೇಕಾಗುತ್ತದೆ. ಅಂಥ ಹುಡುಕಾಟವನ್ನು ಕ್ರಮವಾಗಿ ನಡೆಸುವುದು ಹೇಗೆಂಬುದನ್ನು ಅಮೆರಿಕದ ಮೆಂಫಿಸ್ ನಗರದ ಜೇಮ್ಸ್ ಕಾರ್ ಅವರ ಉದಾಹರಣೆಯ ಮೂಲಕ ಇಲ್ಲಿ ವಿವರಿಸಲಾಗಿದೆ. ಕಾರ್ ಅವರ ಹೆಸರು ಬಂದಲ್ಲೆಲ್ಲ ಅವರ ಮನೋವ್ಯಾಧಿಯ ಕಥೆಯೇ ಮೊದಲು ಬರುತ್ತದೆ. ಹಾಡು ಅದರ ಹಿಂದೆ ಬರುತ್ತದೆ. ಈ ಕ್ರಮವನ್ನು ತಿರುಗಿಸಿ, ಹಾಡನ್ನು ಮೊದಲು ಕೇಳಿ ಬದುಕನ್ನು ಆಮೇಲೆ ಓದಬೇಕೆಂಬುದು ನನ್ನ ದೃಢವಾದ ಸಲಹೆ.

ಕೇಳುವುದನ್ನು ಆಲ್ಬಮ್‌ನಿಂದ ಆರಂಭಿಸಬೇಡಿ. 1960ರ ದಶಕದ ಸೋಲ್ ವ್ಯಾಪಾರ ನಿಂತಿದ್ದದ್ದು ನಿಮಿಷಕ್ಕೆ 45 ಸುತ್ತು ತಿರುಗುವ ಸಿಂಗಲ್‌ಗಳ, ಅಂದರೆ ಒಂದೊಂದು ಬದಿಗೆ ಒಂದೊಂದು ಹಾಡಿರುವ ಸಣ್ಣ ತಟ್ಟೆಗಳ ಮೇಲೆ. ನಾಲ್ಕಾರು ಸಿಂಗಲ್‌ಗಳು ಮಾರಾಟವಾದ ಬಳಿಕ ಅವುಗಳ ಹಾಡುಗಳನ್ನು ಕೂಡಿಸಿ ಆಲ್ಬಮ್ ಹೊರತರುವುದು ಸಾಮಾನ್ಯವಾಗಿತ್ತು. 1967 ಮತ್ತು 1968ರಲ್ಲಿ ಬಂದ ಕಾರ್ ಅವರ ಎರಡು ಆಲ್ಬಮ್‌ಗಳಲ್ಲೂ ಆಗಲೇ ಸಿಂಗಲ್ ಆಗಿ ಬಂದಿದ್ದ ಹಾಡುಗಳು ಬಹಳಷ್ಟಿವೆ. ಅವುಗಳ ಅನುಕ್ರಮ ಗಾಯಕ ಬೆಳೆದ ಅನುಕ್ರಮವಲ್ಲ. ಆದ್ದರಿಂದ ಮೊದಲು ಸಿಂಗಲ್‌ಗಳ ಪಟ್ಟಿಯೊಂದನ್ನು ಮಾಡಿಕೊಳ್ಳಬೇಕು. ತಟ್ಟೆಯ ನಡುವಿನ ಕಾಗದದ ಮೇಲೆ ಮುದ್ರಿತವಾದ ಸಂಖ್ಯೆ ಇದಕ್ಕೆ ಆಧಾರ. ಕಾರ್ ಅವರ ತಟ್ಟೆಗಳನ್ನು ಹೊರತಂದ ಗೋಲ್ಡ್‌ವ್ಯಾಕ್ಸ್ ಕಂಪನಿಯ 302ನೆಯ ತಟ್ಟೆ 'ಯೂವ್ ಗಾಟ್ ಮೈ ಮೈಂಡ್ ಮೆಸ್ಡ್ ಅಪ್', 317ನೆಯದು 'ದ ಡಾರ್ಕ್ ಎಂಡ್ ಆಫ್ ದ ಸ್ಟ್ರೀಟ್'. ಈ ಸಂಖ್ಯೆ ತಟ್ಟೆ ಬಿಡುಗಡೆಯಾದ ಸರದಿಯನ್ನು ತೋರಿಸುತ್ತದೆಯೇ ಹೊರತು ಹಾಡು ದಾಖಲಾದ ದಿನವನ್ನಲ್ಲ ಎಂಬುದನ್ನು ಮರೆಯಬಾರದು. ಹಿಂಬದಿಯ ಹಾಡು ಎಷ್ಟೋ ತಿಂಗಳ ಹಿಂದೆಯೇ ದಾಖಲಾಗಿ ಪೆಟ್ಟಿಗೆಯಲ್ಲಿ ಕುಳಿತದ್ದಾಗಿರಬಹುದು. ಹಾಗೆಂದು ಹಿಂಬದಿಯನ್ನು ಬಿಡಬೇಡಿ. 302ರ ಹಿಂಬದಿಯ 'ದಟ್ಸ್ ವಾಟ್ ಐ ವಾಂಟ್ ಟು ನೋ' ಹಾಡನ್ನು ಕೇಳದೆ ಅದೇ ತಟ್ಟೆಯ ಮುಂಬದಿಯ ಹಾಡಿನ ತೂಕ ಸರಿಯಾಗಿ ತಿಳಿಯುವುದಿಲ್ಲ.

ಜನಪ್ರಿಯತೆಯ ಪಟ್ಟಿಗಳನ್ನು ನೋಡುವಾಗಲೂ ಒಂದು ಎಚ್ಚರ ಬೇಕು. ಬಿಲ್‌ಬೋರ್ಡ್ ಪತ್ರಿಕೆ ಕರಿಯ ಕೇಳುಗರ ಮೆಚ್ಚಿನ ತಟ್ಟೆಗಳನ್ನು ತೋರಿಸುವ ರಿದಮ್ ಅಂಡ್ ಬ್ಲೂಸ್ ಪಟ್ಟಿಯ ಪ್ರಕಟಣೆಯನ್ನು 1963ರ ನವೆಂಬರ್ ಕೊನೆಯಿಂದ 1965ರ ಜನವರಿಯವರೆಗೆ ನಿಲ್ಲಿಸಿತ್ತು. ಆ ಅವಧಿಯ ತಟ್ಟೆಯೊಂದು ಪಟ್ಟಿಯಲ್ಲಿ ಕಾಣುವುದಿಲ್ಲವೆಂದರೆ ಅದು ಸೋತಿತೆಂದು ಅರ್ಥವಲ್ಲ. ಆಗ ಕ್ಯಾಶ್ ಬಾಕ್ಸ್ ಪತ್ರಿಕೆಯ ಪಟ್ಟಿಯನ್ನು ನೋಡಬೇಕು. ರಿದಮ್ ಅಂಡ್ ಬ್ಲೂಸ್ ಪಟ್ಟಿಗೂ ಎಲ್ಲ ಕೇಳುಗರನ್ನು ಒಳಗೊಂಡ ಪಾಪ್ ಪಟ್ಟಿಗೂ ನಡುವಿನ ಅಂತರವೂ ಮಾತನಾಡುತ್ತದೆ. 1966ರಲ್ಲಿ 'ಯೂವ್ ಗಾಟ್ ಮೈ ಮೈಂಡ್ ಮೆಸ್ಡ್ ಅಪ್' ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ 7ನೆಯ ಸ್ಥಾನಕ್ಕೆ ಏರಿದರೆ ಪಾಪ್ ಪಟ್ಟಿಯಲ್ಲಿ 63ರಲ್ಲೇ ನಿಂತಿತು. ಮರುವರ್ಷ 'ದ ಡಾರ್ಕ್ ಎಂಡ್ ಆಫ್ ದ ಸ್ಟ್ರೀಟ್' ಕ್ರಮವಾಗಿ 10 ಮತ್ತು 77ನ್ನು ಮುಟ್ಟಿತು. ಕರಿಯ ಕೇಳುಗರು ಚೆನ್ನಾಗಿ ಬಲ್ಲ ಗಾಯಕನೊಬ್ಬನನ್ನು ಉಳಿದವರು ಅರಿಯದೇ ಹೋದದ್ದು ಹೇಗೆಂಬುದಕ್ಕೆ ಈ ನಾಲ್ಕು ಅಂಕಿಗಳೇ ಸಾಕ್ಷಿ.

ಇನ್ನು ಕಂಪನಿಯ ಕಡೆಗೆ ತಿರುಗಬಹುದು. ಸಣ್ಣ ಕಂಪನಿಯ ಗಾಯಕನ ಅದೃಷ್ಟವು ಬಹುಮಟ್ಟಿಗೆ ಕಂಪನಿಯ ಅದೃಷ್ಟವೇ ಆಗಿರುವುದರಿಂದ ಅದನ್ನು ನಡೆಸಿದವರು ಯಾರೆಂದು ತಿಳಿಯುವುದು ಅಗತ್ಯ. ಗೋಲ್ಡ್‌ವ್ಯಾಕ್ಸ್ 1964ರಲ್ಲಿ ಮೆಂಫಿಸ್‌ನಲ್ಲಿ ಹುಟ್ಟಿತು. ಸ್ಥಾಪಕರಲ್ಲಿ ಒಬ್ಬರಾದ ಕ್ವಿಂಟನ್ ಕ್ಲಾಂಚ್ ಅಮೆರಿಕದ ದಕ್ಷಿಣದ ಬಿಳಿಯರ ಗ್ರಾಮೀಣ ಸಂಗೀತವಾದ ಕಂಟ್ರಿಯಿಂದ ಬಂದ ಗಿಟಾರ್ ವಾದಕರು, ಹೈ ರೆಕಾರ್ಡ್ಸ್ ಕಂಪನಿಯ ಆರಂಭದಲ್ಲೂ ಪಾಲುದಾರರಾಗಿದ್ದವರು. ಮತ್ತೊಬ್ಬರಾದ ಡಾಕ್ ರಸೆಲ್ ವೃತ್ತಿಯಿಂದ ಔಷಧಿ ವ್ಯಾಪಾರಿ. ಸೋಲ್ ಗಾಯಕರಾದ ಕಾರ್ ಅವರು ಹಾರ್ಲನ್ ಹೋವರ್ಡ್ ಬರೆದ 'ಲೈಫ್ ಟರ್ನ್ಡ್ ಹರ್ ದಟ್ ವೇ' ಎಂಬ ಕಂಟ್ರಿ ಹಾಡನ್ನು ಅಷ್ಟು ಸಹಜವಾಗಿ ಹಾಡಿರುವುದು ಕ್ಲಾಂಚ್ ಅವರ ಹಿನ್ನೆಲೆ ತಿಳಿದ ಮೇಲೆ ಆಶ್ಚರ್ಯವೆನಿಸುವುದಿಲ್ಲ. ಕಾರ್ ಅವರನ್ನು ಈ ಕಂಪನಿಗೆ ಕರೆತಂದವರು ರೂಸ್‌ವೆಲ್ಟ್ ಜೇಮಿಸನ್. ಅವರೇ ಬರೆದ 'ದಟ್ಸ್ ಹೌ ಸ್ಟ್ರಾಂಗ್ ಮೈ ಲವ್ ಈಸ್' ಹಾಡನ್ನು ಗೋಲ್ಡ್‌ವ್ಯಾಕ್ಸ್‌ಗಾಗಿ ಓ. ವಿ. ರೈಟ್ ಹಾಡಿದರು, ಸ್ವಲ್ಪ ಕಾಲದಲ್ಲೇ ಓಟಿಸ್ ರೆಡ್ಡಿಂಗ್ ಅದನ್ನು ಮತ್ತೆ ಹಾಡಿದರು. ರೈಟ್ ಅವರ ಹಳೆಯ ಕರಾರು ತಮ್ಮ ಬಳಿ ಇದೆಯೆಂದು ಹ್ಯೂಸ್ಟನ್‌ನ ಧ್ವನಿಮುದ್ರಿಕೆ ಕಂಪನಿಯ ಒಡೆಯ ಡಾನ್ ರೋಬಿ ಹಕ್ಕು ಸಾಧಿಸಿದಾಗ ಗೋಲ್ಡ್‌ವ್ಯಾಕ್ಸ್ ರೈಟ್ ಅವರನ್ನು ಕಳೆದುಕೊಂಡಿತು; ಕಂಪನಿಯ ಭಾರವೆಲ್ಲ ಬರಬರುತ್ತಾ ಕಾರ್ ಅವರ ಮೇಲೆ ಬಿತ್ತು.

ಒಂದು ಹಾಡನ್ನಾದರೂ ಎಳೆ ಎಳೆಯಾಗಿ ಬಿಡಿಸಿ ನೋಡಲೇಬೇಕು. ಕಾರ್ ಅವರ ವಿಷಯದಲ್ಲಿ ಆ ಹಾಡು 'ದ ಡಾರ್ಕ್ ಎಂಡ್ ಆಫ್ ದ ಸ್ಟ್ರೀಟ್' ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಬರೆದವರು ಡ್ಯಾನ್ ಪೆನ್ ಮತ್ತು ಚಿಪ್ಸ್ ಮೋಮನ್. ನ್ಯಾಶ್‌ವಿಲ್‌ನಲ್ಲಿ ರೇಡಿಯೋ ನಿರೂಪಕರ ಸಮಾವೇಶವೊಂದು ನಡೆದಿದ್ದಾಗ ಅವರಿಬ್ಬರೂ ಇಸ್ಪೀಟಾಟದ ನಡುವೆ ಎದ್ದು ಬಂದು ಕ್ಲಾಂಚ್ ಅವರ ಹೋಟೆಲ್ ಕೋಣೆಯಲ್ಲಿ ಕುಳಿತು ಇದನ್ನು ಬರೆದರೆಂದೂ, ಹಾಡನ್ನು ಕಾರ್ ಅವರಿಗೇ ಕೊಡಬೇಕೆಂಬ ಷರತ್ತಿನ ಮೇಲೆ ಕ್ಲಾಂಚ್ ಕೋಣೆಯನ್ನು ಬಿಟ್ಟುಕೊಟ್ಟರೆಂದೂ ಹೇಳುತ್ತಾರೆ. ಅದು ದಾಖಲಾದದ್ದು ಮೆಂಫಿಸ್‌ನ ರಾಯಲ್ ಸ್ಟುಡಿಯೋದಲ್ಲಿ. ಮೊದಲ ಬಾರಿ ಕೇಳುವಾಗ ಧ್ವನಿಯೊಂದನ್ನೇ ಹಿಂಬಾಲಿಸಿ. ಗುಟ್ಟಾಗಿ ಕತ್ತಲಲ್ಲಿ ಸೇರುವ ಇಬ್ಬರ ಕಥೆಯನ್ನು ಕಾರ್ ತಗ್ಗಿದ ಸ್ಥಾಯಿಯಲ್ಲಿ, ಪಕ್ಕದವರಿಗೆ ಕೇಳಿಸೀತೆಂಬ ಅಳುಕಿರುವವರಂತೆ ಆರಂಭಿಸುತ್ತಾರೆ. ಸಿಕ್ಕಿಬೀಳುವ ಭಯ ಸಾಹಿತ್ಯದಲ್ಲಿ ಬಂದಾಗ ಧ್ವನಿ ಮೇಲೇರುತ್ತದೆ, ಆದರೆ ಚೀರುವ ಮಟ್ಟಕ್ಕೆ ಹೋಗದೆ ಮತ್ತೆ ಇಳಿಯುತ್ತದೆ. ಎರಡನೆಯ ಬಾರಿ ಧ್ವನಿಯನ್ನು ಬಿಟ್ಟು ಗಿಟಾರ್ ಮತ್ತು ಡ್ರಮ್‌ಗಳನ್ನು ಕೇಳಿ; ಗಾಯಕನಿಗೆ ಎಷ್ಟು ಜಾಗ ಬಿಟ್ಟಿದ್ದಾರೆಂಬುದು ಆಗ ಗೊತ್ತಾಗುತ್ತದೆ. ಬಳಿಕ ಪರ್ಸಿ ಸ್ಲೆಡ್ಜ್ ಮತ್ತು ಅರೀಥಾ ಫ್ರಾಂಕ್ಲಿನ್ ಇದೇ ಹಾಡನ್ನು ಹಾಡಿರುವುದನ್ನು ಪಕ್ಕದಲ್ಲಿಟ್ಟು ಹೋಲಿಸಿ. ಅರೀಥಾ ಹಾಡನ್ನು ಬಿಚ್ಚಿ ಹರಡುತ್ತಾರೆ, ಅದರ ಸೊಗಸೇ ಬೇರೆ. ಕಾರ್ ಅವರಲ್ಲಿ ಮಾತ್ರ ತಪ್ಪಿನ ಅರಿವೂ ಬಿಡಲಾರದ ಮೋಹವೂ ಎರಡೂವರೆ ನಿಮಿಷದಲ್ಲಿ ಒಟ್ಟಿಗೆ ಕೇಳುತ್ತವೆ.

ಇಷ್ಟಾದ ಮೇಲೆ ಬದುಕನ್ನು ಓದಿ. ಕಾರ್ 1942ರಲ್ಲಿ ಮಿಸಿಸಿಪಿ ರಾಜ್ಯದಲ್ಲಿ ಹುಟ್ಟಿ, ಮೆಂಫಿಸ್‌ನಲ್ಲಿ ಬೆಳೆದು, ಚರ್ಚಿನ ಗಾಸ್ಪೆಲ್ ತಂಡಗಳಲ್ಲಿ ಹಾಡುತ್ತಾ ಬಂದವರು. ಬೈಪೋಲಾರ್ ಎಂಬ ಮನೋವ್ಯಾಧಿ ಅವರನ್ನು ಬಹುಕಾಲ ಕಾಡಿತು. 1960ರ ದಶಕ ಮುಗಿಯುವ ಹೊತ್ತಿಗೆ ಗೋಲ್ಡ್‌ವ್ಯಾಕ್ಸ್ ಮುಚ್ಚಿತು. 1971ರಲ್ಲಿ ಅಟ್ಲಾಂಟಿಕ್ ಕಂಪನಿಗೆ ಹಾಡಿದ ಸಿಂಗಲ್ ಅವರನ್ನು ಮೇಲೆತ್ತಲಿಲ್ಲ. 1979ರ ಜಪಾನ್ ಪ್ರವಾಸದಲ್ಲಿ ವೇದಿಕೆಯ ಮೇಲೆ ಮೈಕಿನ ಮುಂದೆ ಅವರು ಮಾತಿಲ್ಲದೆ ನಿಂತುಬಿಟ್ಟ ಪ್ರಸಂಗ ಎಲ್ಲ ಬರಹಗಳಲ್ಲೂ ಬರುತ್ತದೆ. ಇಂಥ ಪ್ರಸಂಗಗಳನ್ನು ಓದುವಾಗ ಹೇಳಿದವರು ಯಾರು, ಅವರು ಸ್ಥಳದಲ್ಲಿದ್ದರೇ ಎಂಬುದನ್ನು ಪ್ರತಿ ಸಲವೂ ಕೇಳಿಕೊಳ್ಳಬೇಕು. ಜೇಮಿಸನ್ ಅವರು ಕಾರ್ ಮತ್ತು ರೈಟ್ ಇಬ್ಬರನ್ನೂ ಕರೆದುಕೊಂಡು ನಡುರಾತ್ರಿ ಕ್ಲಾಂಚ್ ಅವರ ಮನೆಯ ಬಾಗಿಲು ತಟ್ಟಿದರೆಂಬುದು ಕ್ಲಾಂಚ್ ಅವರೇ ಹೇಳುತ್ತಿದ್ದ ಕಥೆ. ಅಂಥ ಕಥೆಯನ್ನು ತಳ್ಳಿಹಾಕುವ ಅಗತ್ಯವಿಲ್ಲ, ಆದರೆ ಹೇಳಿದವರ ಹೆಸರನ್ನು ಜೊತೆಗೇ ಬರೆದಿಟ್ಟುಕೊಳ್ಳಬೇಕು. ರೋಗದ ಕಾರಣದಿಂದಲೇ ಹಾಡಿನಲ್ಲಿ ನೋವು ಬಂತೆಂಬ ವಿವರಣೆಯನ್ನು ಮಾತ್ರ ನಾನು ಒಪ್ಪುವುದಿಲ್ಲ. ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕೆಂಬ ಆ ಹಿಡಿತ ಗಾಸ್ಪೆಲ್ ತಂಡಗಳಲ್ಲಿ ವರ್ಷಗಟ್ಟಲೆ ಹಾಡಿ ಸಂಪಾದಿಸಿದ ವಿದ್ಯೆ.

ಮರುಮುದ್ರಣಗಳನ್ನು ಆರಿಸುವಾಗ ಮೂರು ವಿಷಯ ಪರೀಕ್ಷಿಸಿ: ಹಾಡುಗಳು ಮೂಲ ದಾಖಲೆಗಳೇ ಅಥವಾ ಮುಂದೆ ಹೊಸದಾಗಿ ಹಾಡಿದವೇ, ಸಿಂಗಲ್‌ಗೆಂದು ಮಾಡಿದ ಮೋನೋ ಮಿಶ್ರಣ (ಧ್ವನಿ, ವಾದ್ಯಗಳನ್ನೆಲ್ಲ ಒಂದೇ ವಾಹಿನಿಯಲ್ಲಿ ಬೆರೆಸಿದ್ದು) ಇದೆಯೇ, ಜೊತೆಯ ಪುಸ್ತಿಕೆಯಲ್ಲಿ ಸಂಖ್ಯೆ ಮತ್ತು ವರ್ಷಗಳನ್ನು ಕೊಟ್ಟಿದ್ದಾರೆಯೇ. ಕಾರ್ ಅವರ ಗೋಲ್ಡ್‌ವ್ಯಾಕ್ಸ್ ಸಿಂಗಲ್‌ಗಳೆಲ್ಲವನ್ನೂ ಒಂದೆಡೆ ಸೇರಿಸಿ ಬ್ರಿಟನ್‌ನ ಏಸ್ ಸಂಸ್ಥೆ ತನ್ನ ಕೆಂಟ್ ಲೇಬಲ್‌ನಲ್ಲಿ ಹೊರತಂದಿರುವ ಸಂಕಲನ ಈ ಕೆಲಸಕ್ಕೆ ಸಾಕು. 1991ರಲ್ಲಿ ಕ್ಲಾಂಚ್ ಅವರೇ ಮುಂದೆ ನಿಂತು ಮಾಡಿಸಿದ 'ಟೇಕ್ ಮಿ ಟು ದ ಲಿಮಿಟ್' ಆಲ್ಬಮ್ಮನ್ನು ಕೊನೆಗೆ ಇಟ್ಟುಕೊಳ್ಳಿ. ಕಾರ್ 2001ರ ಜನವರಿಯಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು. ಹತ್ತು ವರ್ಷ ಮೊದಲಿನ ಈ ಆಲ್ಬಮ್‌ನಲ್ಲಿ ಧ್ವನಿ ಒರಟಾಗಿದೆ, ವಾದ್ಯಗಳ ನಾದ ಹೊಸ ಕಾಲದ್ದು. ಸಿಂಗಲ್‌ಗಳ ಪರಿಚಯವಾದ ಮೇಲೆ ಇದನ್ನು ಕೇಳಿದರೆ, ಸಾಲಿನ ಕೊನೆಯ ಶಬ್ದವನ್ನು ಹಿಡಿದು ನಿಲ್ಲಿಸುವ ಅವರ ಹಳೆಯ ರೀತಿ ಎಲ್ಲೆಲ್ಲಿ ಮರಳಿ ಬರುತ್ತದೆ ಎಂಬುದನ್ನು ಗುರುತಿಸಿ ಪಟ್ಟಿಯಲ್ಲಿ ಆಯಾ ಹಾಡಿನ ಎದುರು ಬರೆದುಕೊಳ್ಳಬಹುದು.