ಪರಿಮಳದ ದ್ರಾವಣದಿಂದ ನೆಲ ಒರೆಸುವಾಗ

ನಿಂಬೆ ಅಥವಾ ಪೈನ್ ಪರಿಮಳದ ದ್ರಾವಣ ಬಳಸುವುದಾದರೆ ಬೆಳಗ್ಗೆಯೇ ಒರೆಸಿ ಮುಗಿಸಿ. ಬಿಸಿಲೇರಿದ ಮಧ್ಯಾಹ್ನ ಹೊರಗಿನ ಗಾಳಿಯಲ್ಲಿ ಸಾಮಾನ್ಯವಾಗಿ ಓಝೋನ್ ಅನಿಲ ಹೆಚ್ಚು. ಅದು ಕಿಟಕಿಯಿಂದ ಒಳಬಂದು ಪರಿಮಳದಲ್ಲಿರುವ ಲಿಮೋನೀನ್, ಪೈನೀನ್‌ಗಳ ಜೊತೆ ವರ್ತಿಸಿ ಫಾರ್ಮಾಲ್ಡಿಹೈಡ್ ಎಂಬ ಉರಿ ತರಿಸುವ ಅನಿಲವನ್ನೂ 0.1 ಮೈಕ್ರೋಮೀಟರಿಗಿಂತ ಸಣ್ಣ ಕಣಗಳನ್ನೂ ಹುಟ್ಟಿಸುತ್ತದೆ. ಒರೆಸಿದ ಮೇಲೆ ಕಣ್ಣು, ಗಂಟಲು ಉರಿಯುವುದಕ್ಕೆ ಇದೂ ಒಂದು ಕಾರಣ.

ಬಾಟಲಿಯ ಮೇಲೆ ಬರೆದಷ್ಟೇ ಹಾಕಿ, ಒಂದು ಮುಚ್ಚಳವೂ ಜಾಸ್ತಿ ಬೇಡ. ಹೆಚ್ಚಾದದ್ದು ನೆಲದ ಮೇಲೆ ತೆಳು ಪೊರೆಯಾಗಿ ಉಳಿದು ಗಂಟೆಗಟ್ಟಲೆ ಆವಿಯಾಗುತ್ತಿರುತ್ತದೆ. ಬರಿಗಾಲಿಗೆ ಅಂಟಂಟು ಅನಿಸಿದರೆ ಬರೀ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ. ಆ ಬಟ್ಟೆ, ಬಕೆಟ್ ಎರಡನ್ನೂ ಹೊರಗಿಡಿ. ನೆಲ ಒಣಗಿ ವಾಸನೆ ಹೋಗುವ ತನಕ ಎದುರುಬದುರು ಕಿಟಕಿ ತೆರೆದಿರಲಿ, ಎಕ್ಸಾಸ್ಟ್ ಫ್ಯಾನ್ ತಿರುಗುತ್ತಿರಲಿ.

ವಾಸನೆ ಓಡಿಸಲೆಂದು ಓಝೋನ್ ಬಿಡುವ ಯಂತ್ರ ಮಾತ್ರ ದಯವಿಟ್ಟು ಹಾಕಬೇಡಿ, ಇದೇ ಕ್ರಿಯೆ ಇನ್ನೂ ಜೋರಾಗುತ್ತದೆ. ಏರ್ ಪ್ಯೂರಿಫೈಯರ್ ಕೊಳ್ಳುವವರು ಹೆಪಾ ಫಿಲ್ಟರ್ ಜೊತೆ ಅನಿಲ ಹೀರುವ ಆಕ್ಟಿವೇಟೆಡ್ ಕಾರ್ಬನ್ ಇದೆಯೇ ನೋಡಿ: ಹೆಪಾ ಕಣ ಹಿಡಿಯುತ್ತದೆ, ಅನಿಲ ಹಿಡಿಯುವುದಿಲ್ಲ.

ಬ್ಲೀಚನ್ನೂ ಟಾಯ್ಲೆಟ್ ಆಸಿಡನ್ನೂ ಎಂದೂ ಬೆರೆಸಬೇಡಿ. ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ.