ಸೋಣದಲ್ಲಿ ಪದವು ಸುತ್ತುವುದು: ಬಸ್ಸಿನ ಚಾರ್ಜು ಬಿಟ್ಟರೆ ಖರ್ಚಿಲ್ಲ

ಗುಡ್ಡೆ ನೋಡಬೇಕು, ಆದರೆ ಟಿಕೆಟು, ಪಾರ್ಕಿಂಗು, ಜೀಪು ಅಂತ ದುಡ್ಡು ಸುರಿಯಲು ಮನಸ್ಸಿಲ್ಲ ಎನ್ನುವವರಿಗೆ ನಾನು ತೋರಿಸುವುದು ಕಾಸರಗೋಡಿನ ಉತ್ತರದ ಮುರಕಲ್ಲಿನ (ಜಂಬಿಟ್ಟಿಗೆಯ) ಪದವುಗಳನ್ನು, ಅಂದರೆ ಗುಡ್ಡೆಯ ಮೇಲಿನ ಕಲ್ಲುಬಯಲುಗಳನ್ನು. ಬಾಯಾರು, ಪೆರ್ಲ, ಅನಂತಪುರ, ಯಾವ ಕಡೆಯಾದರೂ ಸರಿ. ಏಪ್ರಿಲ್‌ನಲ್ಲಿ ಹೋದರೆ ಕಾದ ಕಲ್ಲು, ಒಣಹುಲ್ಲು, ಅಷ್ಟೆ. ತುಳುವರ ಆಟಿ ತಿಂಗಳ ಜಡಿಮಳೆ ತಗ್ಗಿ ಮುಂದಿನ ಸೋಣ ತಿಂಗಳು ಬರಬೇಕು. ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ಮುಗಿಯುವವರೆಗೆ ಹೂವಿನ ಕಾಲ.

ಹೂಗಳೆಲ್ಲ ಪಾದದ ಮಟ್ಟದಲ್ಲೇ ಇರುತ್ತವೆ. ನೀರು ಜಿನುಗುವ ಜಾಗದಲ್ಲಿ ನೀಲಿ ಹಾಸಿದಂತೆ ಕಾಣುವುದು ಯುಟ್ರಿಕ್ಯುಲೇರಿಯ, ಮಲಯಾಳಿಗಳು ಓಣಂ ಪೂಕಳಕ್ಕೆ (ಹೂವಿನ ರಂಗೋಲಿಗೆ) ಹಾಕುವ ಕಾಕ್ಕಪೂ. ನಡುನಡುವೆ ಬಿಳಿ ಗುಂಡಿಯಂಥ ಎರಿಯೊಕಾಲಾನ್, ಹುಡುಕಿದರೆ ಕೀಟ ಹಿಡಿಯುವ ಡ್ರೊಸೆರಾ. ಮುರಕಲ್ಲಿನ ಮೇಲೆ ಮಣ್ಣು ಬಲು ತೆಳು, ಸಾರಜನಕ ಕಡಿಮೆ. ಆ ಕೊರತೆಯನ್ನು ಡ್ರೊಸೆರಾ ಎಲೆಯ ಅಂಟಿನಿಂದಲೂ ಯುಟ್ರಿಕ್ಯುಲೇರಿಯ ಬುಡದ ಪುಟ್ಟ ಚೀಲಗಳಿಂದಲೂ ಜೀವಿಗಳನ್ನು ಹಿಡಿದು ತುಂಬಿಸಿಕೊಳ್ಳುತ್ತವೆ. ಬೆಳಗ್ಗೆ ಎಂಟರಿಂದ ಹತ್ತರೊಳಗೆ ಸೂರ್ಯನಿಗೆ ಮುಖಮಾಡಿ ಕುಕ್ಕರಗಾಲಲ್ಲಿ ಕೂತರೆ ಡ್ರೊಸೆರಾ ಎಲೆಯ ಪ್ರತಿ ಕೂದಲ ತುದಿಯ ಹನಿ ಕೆಂಪಗೆ ಹೊಳೆಯುತ್ತದೆ. ಬೆಳಕು ಬೆನ್ನ ಹಿಂದಿದ್ದರೆ ಗಿಡವೇ ಕಣ್ಣಿಗೆ ಬೀಳುವುದಿಲ್ಲ. ಫೋಟೊ ತೆಗೆಯುವುದಾದರೆ ಮೊಬೈಲನ್ನು ತಲೆಕೆಳಗು ಹಿಡಿಯಿರಿ, ಕ್ಯಾಮೆರಾ ನೆಲಕ್ಕೆ ಹತ್ತಿರವಾಗುತ್ತದೆ. ಕಾಲಿಡುವುದು ಮಾತ್ರ ಬರಿಗಲ್ಲಿನ ಮೇಲೆ. ಒದ್ದೆ ಮಣ್ಣಿನ ಪದರ ಒಮ್ಮೆ ಕಿತ್ತರೆ ಮುಂದಿನ ಮಳೆಗೆ ಕೊಚ್ಚಿಹೋಗುತ್ತದೆ.

ಜಾರುವುದು ಕೆಂಪು ಕಲ್ಲಲ್ಲ, ಅದರ ಮೇಲಿನ ಕಪ್ಪು ಪಾಚಿ. ಹವಾಯಿ ಚಪ್ಪಲಿ ಬೇಡವೇ ಬೇಡ. ಅದಕ್ಕಿಂತ ಅಪಾಯ ಹಳೆಯ ಕಲ್ಲುಕೋರೆಗಳದ್ದು: ಗೋಡೆ ನೆಟ್ಟಗೆ ಇರುತ್ತದೆ, ನೀರು ತುಂಬಿದಾಗ ಆಳ ತಿಳಿಯುವುದಿಲ್ಲ, ಬಿದ್ದವರಿಗೆ ಹತ್ತಲು ಮೆಟ್ಟಿಲಿಲ್ಲ. ಮಕ್ಕಳ ಕೈ ಬಿಡಬೇಡಿ.

ಗುಡ್ಡೆಯ ಬುಡದ ತೋಟಗಳಲ್ಲಿ ಸುರಂಗಗಳಿವೆ. ಮುರಕಲ್ಲಿನೊಳಗೆ ಅಡ್ಡಕ್ಕೆ, ಒಬ್ಬ ಆಳು ಹೋಗುವಷ್ಟೇ ಅಗಲಕ್ಕೆ ಕೊರೆದ ದಾರಿ. ಒಳಗೆ ಒಸರುವ ನೀರು ಪಂಪಿಲ್ಲದೆ ತಾನಾಗಿ ಹರಿದು ಹೊರಗಿನ ಕೆರೆ ಸೇರುತ್ತದೆ. ಇವು ಮನೆಯವರ ಸ್ವಂತದ್ದು. ಅಂಗಳದಲ್ಲೇ ನಿಂತು "ಅಣ್ಣಾ, ಸುರಂಗ ಒಮ್ಮೆ ನೋಡಬಹುದಾ?" ಎಂದು ಕೇಳಿದರೆ ಸಾಮಾನ್ಯವಾಗಿ ಅವರೇ ಟಾರ್ಚು ಹಿಡಿದು ಬರುತ್ತಾರೆ. ಸುರಂಗದ ಬಾಯಿಂದಲೇ ನೋಡಿ, ಒಳಗೆ ಹೋಗಬೇಡಿ: ಮಳೆಗಾಲದಲ್ಲಿ ಮಣ್ಣು ಕುಸಿಯುತ್ತದೆ, ಗಾಳಿ ಸಾಲುವುದಿಲ್ಲ, ಬಾವಲಿಗಳೂ ಹಾವುಗಳೂ ಇರುತ್ತವೆ.

ಅನಂತಪುರದಲ್ಲಿ ಕೆರೆಯ ನಡುವಿನ ದೇವಸ್ಥಾನ ನೋಡಿಯೇ ಪದವಿನ ಕಡೆಗೆ ಹೋಗಿ. ಮಧ್ಯಾಹ್ನ ಬಾಗಿಲು ಹಾಕುತ್ತಾರೆ. ಜನ ಈಗಲೂ ವಿಚಾರಿಸುವ, ಆ ಕೆರೆಯಲ್ಲಿದ್ದ ಮೊಸಳೆ ಬಬಿಯಾ 2022ರ ಅಕ್ಟೋಬರ್‌ನಲ್ಲಿ ತೀರಿಕೊಂಡಿತು.

ದೂರದ ನೋಟ ಬೇಕಾದರೆ ಧರ್ಮತ್ತಡ್ಕದ ಹತ್ತಿರ ಪೊಸಡಿಗುಂಪೆ ಎಂಬ ಗುಡ್ಡೆ. ರಾತ್ರಿ ಮಳೆ ಬಂದು ತೆರವಾದ ಬೆಳಗ್ಗೆ ಹತ್ತಿದರೆ ಪಡುವಣಕ್ಕೆ ಕಡಲು, ಮೂಡಣಕ್ಕೆ ಘಟ್ಟದ ಸಾಲು ಕಾಣುತ್ತದೆ. ಅಕ್ಟೋಬರ್, ನವೆಂಬರ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಹೆಚ್ಚು. ಬಯಲಿನಲ್ಲಿ ನೀವೇ ಎತ್ತರ. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆಯಾದರೆ ತಕ್ಷಣ ಇಳಿದು ಗಟ್ಟಿ ಮನೆಯೊಳಗೆ ಸೇರಬೇಕು. ಒಂಟಿ ಮರದ ಕೆಳಗೆ ನಿಲ್ಲುವುದು ಇನ್ನೂ ಕೆಟ್ಟದು.

ಪದವಿನಲ್ಲಿ ನೆರಳೂ ಇಲ್ಲ, ಅಂಗಡಿಯೂ ಇಲ್ಲ. ತಲೆಗೆ ಎರಡು ಲೀಟರ್ ನೀರು, ಬುತ್ತಿ, ಕೊಡೆ ಹಿಡಿದುಕೊಳ್ಳಿ; ವಾಪಸ್ ಬರುವ ಬಸ್ಸಿನ ಸಮಯವನ್ನು ಇಳಿಯುವಾಗಲೇ ಕಂಡಕ್ಟರ್ ಹತ್ತಿರ ಕೇಳಿಟ್ಟುಕೊಳ್ಳಿ.