ಒಗರಿಲ್ಲದ ನೇರಳೆ ಸಿರಪ್, ಗ್ಯಾಸ್ ಇರುವ ನೇರಳೆ ಸೋಡಾ: ನನ್ನ ಅನುಭವ

ನೇರಳೆ ಹಣ್ಣಿನ ಪಾನೀಯಕ್ಕೆ ಒಗರು ತಪ್ಪಿದ್ದಲ್ಲ, ಸಕ್ಕರೆ ಸುರಿದು ಮುಚ್ಚಬೇಕು ಅಷ್ಟೇ ಎಂದು ಈ ಕೆಲಸ ಬಲ್ಲವರೇ ಹೇಳುತ್ತಿದ್ದರು. ಹಾಲಿನಿಂದ ಒಗರು ತೆಗೆಯಬಹುದು ಎಂದಾಗ ರಸವೂ ಹಾಳು, ಹಾಲೂ ಹಾಳು ಎಂದರು. ಈ ಸಲದ ಬಾಟಲಿಗಳಲ್ಲಿ ನಾಲಿಗೆ ಹಿಡಿಯುವ ಒಗರು ಇಲ್ಲ, ಬಣ್ಣ ಉಳಿದಿದೆ, ಗ್ಯಾಸೂ ಹಿಡಿದಿದೆ. ಆದ್ದರಿಂದ ಬರೆಯುತ್ತಿದ್ದೇನೆ. ಸಿರಪ್ ಮಾಡಿ ಅಭ್ಯಾಸ ಇರುವವರಿಗೆ ಇದು. ಪಾಕ, ಬಾಟಲಿ ಕುದಿಸುವುದು ಇತ್ಯಾದಿ ವಿವರಿಸುವುದಿಲ್ಲ.

ಸಿರಪ್ಪಿಗೂ ಸೋಡಾಕ್ಕೂ ದಾರಿ ತೋರಿದ್ದು ಯುರೋಪಿನ ಎಲ್ಡರ್ ಗಿಡ. ಅಲ್ಲಿ ಜೂನ್ ಹೊತ್ತಿಗೆ ಅದರ ಹೂಗೊಂಚಲು ಕಿತ್ತು, ಪರಾಗ ಹೋಗದಿರಲೆಂದು ತೊಳೆಯದೆ, ನಿಂಬೆ ಮತ್ತು ಸಕ್ಕರೆ ಪಾಕದಲ್ಲಿ ನೆನೆಸುತ್ತಾರೆ. ಹೂವಿನ ಮೇಲಿನ ಯೀಸ್ಟಿನಿಂದಲೇ ಗ್ಯಾಸ್ ಬರಿಸುವವರೂ ಇದ್ದಾರೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ಕಪ್ಪು ಹಣ್ಣಿನ ಸಿರಪ್. ಎಲ್ಡರ್‌ಬೆರಿಯ ಹಸಿ ಹಣ್ಣು, ಎಲೆ, ಕಾಂಡಗಳಲ್ಲಿ ಸಯನೈಡ್ ಬಿಡುವ ಅಂಶ ಇರುವುದರಿಂದ ಹಣ್ಣನ್ನು ಬೇಯಿಸಲೇಬೇಕು. ನಮ್ಮ ನೇರಳೆಗೆ ಆ ಭಯವಿಲ್ಲ. ಇಲ್ಲಿನ ಕಷ್ಟವೆಲ್ಲ ಒಗರು ಕೊಡುವ ಟ್ಯಾನಿನ್ನಿನದು.

ಬೆಂಗಳೂರಿನಲ್ಲಿ ಮೇ ಕೊನೆಯಿಂದ ಜುಲೈವರೆಗೆ ಹಣ್ಣು. ಕಬ್ಬನ್ ಪಾರ್ಕ್, ಲಾಲ್‌ಬಾಗ್‌ಗಳ ಒಳಗೆ ಕೀಳುವುದು ಬೇಡ. ಮನೆ ಕಾಂಪೌಂಡು, ಲೇಔಟಿನ ಒಳರಸ್ತೆ, ಕನಕಪುರ ರಸ್ತೆಯ ಆಚೆಯ ತೋಟಗಳ ಬದು ಸಾಕು. ಕೇಳಿದರೆ ಬೇಡ ಎನ್ನುವವರು ಕಡಿಮೆ, ಏಕೆಂದರೆ ಬಿದ್ದ ಹಣ್ಣು ಅವರಿಗೆ ಕಾರಿನ ಮೇಲಿನ ಕಲೆ. ಮುಖ್ಯ ರಸ್ತೆಯ ಮರಕ್ಕೆ ಹೋಗಬೇಡಿ, ಹೊಗೆಯ ಜಿಡ್ಡು ಉಪ್ಪುನೀರಿಗೂ ಬಿಡದು. ನೆಲಕ್ಕೆ ಬಿದ್ದು ಒಡೆದದ್ದನ್ನು ಆಯುವುದೂ ಬೇಡ. ಹಳೆಯ ಸೀರೆಯನ್ನೋ ಹಸಿರು ನೆರಳು ಬಲೆಯನ್ನೋ ನಾಲ್ಕು ಮೂಲೆಗೆ ಕಟ್ಟಿ, ಎದೆಯ ಎತ್ತರಕ್ಕೆ ಜೋಲುವಂತೆ ಬಿಟ್ಟು ಕೊಂಬೆ ಅಲುಗಾಡಿಸಿದರೆ ಹಣ್ಣು ಒಡೆಯುವುದಿಲ್ಲ. ಜೋರು ಮಳೆಯ ಮಾರನೆಯ ಬೆಳಿಗ್ಗೆ ಹಣ್ಣು ನೀರುನೀರು. ಒಂದು ದಿನ ಬಿಸಿಲು ಬೀಳಲಿ.

ಆಯುವುದರಲ್ಲೇ ಅರ್ಧ ಗೆಲುವು. ತೊಟ್ಟಿನ ಹತ್ತಿರ ಒಂದಿಷ್ಟು ಕೆಂಪು ಉಳಿದ ಹಣ್ಣು ಕಣ್ಣಿಗೆ ಕಪ್ಪಾಗಿಯೇ ಕಾಣುತ್ತದೆ, ಒಗರೆಲ್ಲ ಅದರಲ್ಲೇ. ಐದು ಕಿಲೋದಲ್ಲಿ ಇಂಥವು ಒಂದು ಬಟ್ಟಲು ಸೇರಿದರೂ ಪೂರಾ ಬ್ಯಾಚು ಕೆಡುತ್ತದೆ. ದೊಡ್ಡ ಜಂಬು ನೇರಳೆಯಲ್ಲಿ ರಸ ಜಾಸ್ತಿ, ಸಣ್ಣ ನಾಯಿ ನೇರಳೆಯಲ್ಲಿ ಬಣ್ಣ ಜಾಸ್ತಿ. ಮೂರು ಪಾಲಿಗೆ ಒಂದು ಪಾಲು ಬೆರೆಸುತ್ತೇನೆ. ಲೀಟರಿಗೆ ಎರಡು ಚಮಚ ಉಪ್ಪು ಹಾಕಿದ ನೀರಿನಲ್ಲಿ ಇಪ್ಪತ್ತು ನಿಮಿಷ ಬಿಟ್ಟರೆ ಹಣ್ಣುನೊಣದ ಹುಳು ಮೇಲೆ ಬರುತ್ತದೆ.

ಮಿಕ್ಸಿ ಮುಟ್ಟಬೇಡಿ. ಬೀಜದ ಚೂರು ರಸಕ್ಕೆ ಸೇರಿದರೆ ಆಮೇಲೆ ಯಾವ ಹಾಲೂ ಕೈ ಹಿಡಿಯದು. ಹಣ್ಣನ್ನು ಎರಡು ರಾತ್ರಿ ಫ್ರೀಜರಿನಲ್ಲಿಟ್ಟು ಹೊರಗೆ ಕರಗಲು ಬಿಡಿ. ಮಂಜುಗಡ್ಡೆ ಸಿಪ್ಪೆಯ ಕೋಶಗಳನ್ನು ಒಡೆದಿರುತ್ತದೆ, ಬಣ್ಣ ತಾನಾಗಿ ಇಳಿಯುತ್ತದೆ. ದೊಡ್ಡ ಕಣ್ಣಿನ ಜರಡಿಯ ಮೇಲೆ ಕೈಯಲ್ಲಿ ಉಜ್ಜಿದರೆ ಬೀಜ ಉಳಿದು ತಿರುಳು ಇಳಿಯುತ್ತದೆ. ಐದು ಕಿಲೋ ಹಣ್ಣಿಗೆ ಮೂರು ಕಿಲೋ ಚಿಲ್ಲರೆ ತಿರುಳು.

ಇದನ್ನು ನೇರ ಉರಿಗೆ ಇಡದೆ, ಬಿಸಿನೀರಿನ ಪಾತ್ರೆಯೊಳಗೆ ಸ್ಟೀಲ್ ಪಾತ್ರೆ ಇಟ್ಟು 65ರಿಂದ 70 ಡಿಗ್ರಿಯಲ್ಲಿ ಹದಿನೈದು ನಿಮಿಷ. ಕುದಿಸಿದರೆ ಕಂದು ಬಣ್ಣ, ಬೆಂದ ಜಾಮಿನ ವಾಸನೆ. ಕಬ್ಬಿಣದ ಬಾಣಲೆ ಮುಟ್ಟಿದರೆ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಶಾಯಿಯಂತೆ ಕಪ್ಪಾಗುತ್ತದೆ, ಅಲ್ಯುಮಿನಿಯಮ್ಮೂ ಬೇಡ. ಪಂಚೆ ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ತೂಗುಹಾಕಿ. ಹಿಂಡಿದರೆ ಅರ್ಧ ಲೀಟರು ಹೆಚ್ಚು ಸಿಗುತ್ತದೆ ನಿಜ, ಆದರೆ ಒಗರೂ ಅದರ ಜೊತೆಗೇ ಬರುತ್ತದೆ. ಹಿಂಡದೆ ಸುಮಾರು ಎರಡು ಲೀಟರು.

ಈಗ ಹಾಲು. ನಾಲಿಗೆ ಒಗರು ಎನ್ನುವುದು ಟ್ಯಾನಿನ್ ಎಂಜಲಿನ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ. ಬಾಯಿಗೆ ಬರುವ ಮೊದಲೇ ಅದಕ್ಕೆ ಬೇರೆ ಪ್ರೋಟೀನ್ ಕೊಟ್ಟುಬಿಟ್ಟರೆ ಮುಗಿಯಿತು. ಒಂದು ಲೀಟರು ರಸಕ್ಕೆ ಕಾಲು ಲೀಟರು ಹಾಲು, ಒಂದು ನಿಂಬೆಹಣ್ಣಿನ ರಸ. ನಂದಿನಿ ನೀಲಿ ಪ್ಯಾಕೆಟ್ ಸಾಕು. ಕೆನೆ ಹೆಚ್ಚಿರುವ ಹಾಲಾದರೆ ಬಾಟಲಿಯ ಕುತ್ತಿಗೆಗೆ ಜಿಡ್ಡಿನ ಉಂಗುರ ಕಟ್ಟುತ್ತದೆ. ಹಾಲು ಕೆಳಗೆ ಪಾತ್ರೆಯಲ್ಲಿರಬೇಕು, ನಿಂಬೆ ಬೆರೆಸಿದ ರಸವನ್ನು ಅದಕ್ಕೆ ಸಣ್ಣಗೆ ಸುರಿಯಬೇಕು. ತಿರುಗುಮುರುಗು ಮಾಡಿದರೆ ಹಾಲು ಬಿದ್ದ ಕೂಡಲೇ ಪುಡಿಪುಡಿಯಾಗಿ ಒಡೆದು ಬಟ್ಟೆಯಿಂದ ಪಾರಾಗುತ್ತದೆ, ಸಿರಪ್ ಕೊನೆಯವರೆಗೂ ಮಸುಕು. ಈ ಒಂದು ಕಾರಣಕ್ಕೇ ಬಹಳ ಜನ ಈ ವಿಧಾನ ಆಗದು ಎಂದು ಕೈಬಿಟ್ಟಿರುವುದು. ಹಾಲಿನ ಬಿಸಿ ಎಷ್ಟಿರಬೇಕು ಎನ್ನುವುದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ತಣ್ಣಗಿದ್ದರೂ ಕೆಲಸ ಆಗುತ್ತದೆ, ಸ್ವಲ್ಪ ನಿಧಾನ.

ಮುಕ್ಕಾಲು ಗಂಟೆ ಕದಲಿಸದೆ ಬಿಟ್ಟು ದಪ್ಪ ಬಟ್ಟೆಯಲ್ಲಿ ಸೋಸಿ. ಮೊದಲು ಇಳಿದದ್ದು ಮಸುಕಾಗಿರುತ್ತದೆ, ಅದನ್ನು ಬಟ್ಟೆಯಲ್ಲಿ ಕೂತ ಒಡೆದ ಹಾಲಿನ ಗಿಣ್ಣದ ಮೇಲೆಯೇ ಮತ್ತೆ ಸುರಿಯಿರಿ. ಆ ಗಿಣ್ಣವೇ ನಿಜವಾದ ಸೋಸುಬಟ್ಟೆ. ಎರಡನೇ ಸಲಕ್ಕೆ ತಿಳಿ. ಬಣ್ಣ ಮೂರರಲ್ಲಿ ಒಂದು ಪಾಲು ಹೋಗುತ್ತದೆ. ಕಪ್ಪುನೇರಳೆ ಇದ್ದದ್ದು ಮಾಣಿಕ್ಯದ ಕೆಂಪಾಗುತ್ತದೆ, ಲೋಟದಲ್ಲಿ ಅದೇ ಚೆಂದ. ಮಜ್ಜಿಗೆಯಲ್ಲಿ ಪ್ರೋಟೀನ್ ಆಗಲೇ ಒಡೆದು ಕೂತಿರುವುದರಿಂದ ಅದು ಇಷ್ಟು ಹಿಡಿಯದು. ಜೆಲಾಟಿನ್ ಚೆನ್ನಾಗಿ ಹಿಡಿಯುತ್ತದೆ, ಆದರೆ ಸಸ್ಯಾಹಾರಿಗಳ ಮನೆಗೆ ಕೊಡುವಂತಿಲ್ಲ. ಹಾಲು ಆಗದವರಿಗೆ ಈ ಸಿರಪ್ ಕೊಡುವ ಮುನ್ನ ಹೇಳಲೇಬೇಕು, ತಿಳಿಯಾಗಿ ಕಂಡರೂ ಹಾಲಿನ ಅಂಶ ಅದರಲ್ಲಿ ಉಳಿದಿರುತ್ತದೆ.

ಲೀಟರಿಗೆ 800 ಗ್ರಾಂ ಸಕ್ಕರೆ, ಒಂದು ಸಣ್ಣ ಚಮಚ ಸಿಟ್ರಿಕ್ ಆಸಿಡ್, ಕಾಲು ಚಮಚ ಉಪ್ಪು; ಉಳಿದ ಚೂರುಪಾರು ಒಗರನ್ನು ಉಪ್ಪು ಮರೆಸುತ್ತದೆ. ಇಷ್ಟು ಸಕ್ಕರೆಗೆ ಹೊರಗಿಟ್ಟರೆ ಉಳಿಯದು, ಫ್ರಿಜ್ಜಿನಲ್ಲೇ ಇರಬೇಕು. ಪ್ರಿಸರ್ವೇಟಿವ್ ಹಾಕುವವರು ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಹಾಕಬೇಡಿ, ಅದು ನೇರಳೆಯ ಬಣ್ಣವನ್ನೇ ಅಳಿಸುತ್ತದೆ. ಬಣ್ಣದ ಹಣ್ಣುಗಳಿಗೆ ಸೋಡಿಯಂ ಬೆಂಜೋಯೇಟ್, ಲೀಟರಿಗೆ ಅರ್ಧ ಗ್ರಾಂ ಆಸುಪಾಸು, ಮೊದಲು ಸ್ವಲ್ಪ ನೀರಿನಲ್ಲಿ ಕರಗಿಸಿ. ಸೋಡಾ ಮಾಡುವ ಸಿರಪ್ಪಿಗೆ ಅದೂ ಬೇಡ, ಯೀಸ್ಟ್ ಏಳುವುದಿಲ್ಲ.

ಖರ್ಚು: ಐದು ಕಿಲೋ ಹಣ್ಣಿಗೆ ಸಕ್ಕರೆ 75 ರೂಪಾಯಿ, ಹಾಲು 25, ನಿಂಬೆ ಮತ್ತು ಆಸಿಡ್ 20, ಗ್ಯಾಸು ಕರೆಂಟು ಸೇರಿ ಒಟ್ಟು 180 ಆಗಬಹುದು. ಬರುವುದು ಮೂರು ಲೀಟರು ಸಿರಪ್, ನೀರು ಬೆರೆಸಿದರೆ ಹನ್ನೆರಡು ಲೀಟರು ಪಾನೀಯ. ಅದೇ ತಳ್ಳುಗಾಡಿಯಲ್ಲಿ ಕಿಲೋಗೆ 250 ಕೊಟ್ಟು ಹಣ್ಣು ತಂದರೆ ಲೆಕ್ಕ 1,400 ದಾಟುತ್ತದೆ. ಇದು ಮರ ಗೊತ್ತಿರುವವರ ಪಾನೀಯ.

ಸೋಡಾಕ್ಕೆ ಗ್ಯಾಸ್ ಬರಿಸಲು ಶುಂಠಿ ಹುದುಗು. ಸಿಪ್ಪೆ ತೆಗೆಯದ ಶುಂಠಿ, ಸಕ್ಕರೆ, ನೀರು, ದಿನಕ್ಕೆ ಒಂದೊಂದು ಚಮಚ ಸೇರಿಸುತ್ತ ಐದಾರು ದಿನ. ನೊರೆ ಬಂದರೆ ಸಿದ್ಧ. ಕಾವೇರಿ ನೀರಿನ ಕ್ಲೋರಿನ್ ಯೀಸ್ಟನ್ನು ಮಲಗಿಸುತ್ತದೆ, ಕುದಿಸಿ ಆರಿಸಿದ ನೀರು ಬಳಸಿ. ಗುಲಾಬಿ ಅಥವಾ ಕಪ್ಪು ಬೂಷ್ಟು ಕಂಡರೆ ಪೂರಾ ಚೆಲ್ಲಿ. ಕಾಲು ಲೀಟರು ಸಿರಪ್, ಮುಕ್ಕಾಲು ಲೀಟರಿಗೆ ಸ್ವಲ್ಪ ಕಡಿಮೆ ನೀರು, ಐವತ್ತು ಮಿಲಿ ಹುದುಗು. ಬಾಟಲಿ ಕೂಲ್‌ಡ್ರಿಂಕಿನ ಪ್ಲಾಸ್ಟಿಕ್ಕಿನದೇ ಆಗಿರಲಿ: ನೀರಿನ ಬಾಟಲಿ ಒತ್ತಡಕ್ಕೆ ಉಬ್ಬಿ ವಾಲುತ್ತದೆ, ಸ್ಕ್ವಾಷಿನ ಗಾಜಿನ ಬಾಟಲಿ ಸಿಡಿಯುತ್ತದೆ. ಮೇಲೆ ಎರಡು ಬೆರಳು ಖಾಲಿ ಬಿಡಿ. ಜೂನ್, ಜುಲೈನ ಬೆಂಗಳೂರಿನ ಹವೆಗೆ ಎರಡು ದಿನ. ಬಾಟಲಿ ಒತ್ತಿದರೆ ಕಲ್ಲಿನಷ್ಟು ಗಟ್ಟಿಯಾದ ಕೂಡಲೇ ಫ್ರಿಜ್ಜಿಗೆ, ವಾರದೊಳಗೆ ಖಾಲಿ. ಫ್ರೀಜರಿನಲ್ಲಿಟ್ಟ ಸಿರಪ್ಪಿನಿಂದ ಮುಂದಿನ ಏಪ್ರಿಲ್‌ನಲ್ಲಿ ಮಾಡಿದರೆ ಒಂದೇ ದಿನ. ಹೊರಗೆ ಬಿಡುತ್ತಾ ಹೋದರೆ ಅದು ವೈನ್ ದಾರಿ ಹಿಡಿಯುತ್ತದೆ, ಪರವಾನಗಿ ಇಲ್ಲದೆ ಮದ್ಯ ಮಾಡುವಂತಿಲ್ಲ. ಮುಚ್ಚುವ ಮುನ್ನ ಒಂದು ಎಲೆ ಹಾಕುತ್ತೇನೆ, ಪರಿಮಳವೆಲ್ಲ ಅದರಿಂದ. ಅದರ ಹೆಸರು ಕೇಳಬೇಡಿ.

ಎಲ್ಡರ್ ಹೂವಿನ ವಿಧಾನವನ್ನು ಚಕ್ಕೋತದ ಹೂವಿಗೂ ಹಚ್ಚಿ ನೋಡಿದ್ದೇನೆ. ದೇವನಹಳ್ಳಿ ಚಕ್ಕೋತಕ್ಕೆ ಜಿಐ (ಭೌಗೋಳಿಕ ಸೂಚಿಕೆ) ಗುರುತು ಇದೆ, ಹೂವಿನ ಕಡೆ ಯಾರೂ ನೋಡುವುದಿಲ್ಲ. ಔಷಧಿ ಹೊಡೆಯದ ಮರ ಎಂದು ಮಾಲೀಕರಿಂದ ಖಚಿತಪಡಿಸಿಕೊಂಡು, ಬುಡದಲ್ಲಿ ಬಟ್ಟೆ ಹಾಸಿ ಉದುರಿದ ದಳ ಮಾತ್ರ ಹಿಡಿಯಬೇಕು. ಹಸಿರು ಬುಡ ಸೇರಿದರೆ ಕಹಿ. ಆರಿದ ಪಾಕದಲ್ಲಿ ಹನ್ನೆರಡು ಗಂಟೆ ನೆನೆದರೆ ಸಾಕು. ಎಲ್ಡರಿನವರ ಹಾಗೆ ಪೂರ್ತಿ ಒಂದು ದಿನ ಬಿಟ್ಟರೆ ದಳವೂ ಕಹಿ ಬಿಡುತ್ತದೆ. ಪರಿಮಳ ಅದ್ಭುತ, ಬಣ್ಣ ಏನೂ ಇಲ್ಲ. ನೇರಳೆ ಸಿರಪ್ಪಿಗೆ ಹತ್ತಕ್ಕೆ ಒಂದು ಪಾಲು ಇದನ್ನು ಬೆರೆಸಿ ನೋಡಿ.

ಪಂಚೆ ಬಟ್ಟೆಯಲ್ಲಿ ಉಳಿದ ನೇರಳೆ ಚರಟವನ್ನು ಎಸೆಯಬೇಡಿ. ಅದು ಮುಳುಗುವಷ್ಟು ನೀರು, ಲೀಟರಿಗೆ ನೂರು ಗ್ರಾಂ ಸಕ್ಕರೆ, ಒಂದು ಚಮಚ ಹುದುಗು ಹಾಕಿ ಭರಣಿಯ ಬಾಯಿಗೆ ಬಟ್ಟೆ ಕಟ್ಟಿಡಿ. ಮೊದಲ ವಾರ ದಿನಕ್ಕೆರಡು ಸಲ ಕದಡಿ, ಆಮೇಲೆ ಸೋಸಿ ಮತ್ತೆ ಬಟ್ಟೆ ಕಟ್ಟಿ. ಎರಡು ಮೂರು ತಿಂಗಳಲ್ಲಿ ವಿನೆಗರ್. ಹುಳಿ ಸಾಕಷ್ಟು ಏರಿದ ಮೇಲೆ ಬಾಟಲಿಗೆ ತುಂಬಿದರಾಯಿತು.